ಮನೆಯ ಮುಂದಿನ ತೋಟದಲ್ಲಿ ಕಲ್ಲಿನ ಅಲಂಕಾರ: ಚಿತ್ರದುರ್ಗದ ಮಣ್ಣಿಗೂ ಮಳೆಗೂ ಯಾವುದು ಸರಿ?

ದುರ್ಗದ ಗೃಹಸ್ಥ

ಎಲ್ಲ ಸದಸ್ಯರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಯ ಕಡೆಯ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದೆ. ಮನೆಯ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಜಾಗವನ್ನು ಹುಲ್ಲುಹಾಸಿಗೆಂದು ಬಿಟ್ಟಿದ್ದೆವು. ನಲ್ಲಿಯಲ್ಲಿ ನೀರು ಬರುವ ದಿನವನ್ನು ನೋಡಿಕೊಂಡು ಬಟ್ಟೆ ಒಗೆಯುವ ಊರಿನಲ್ಲಿ ಹುಲ್ಲಿಗೆ ದಿನವೂ ನೀರುಣಿಸುವುದು ಸಲ್ಲದೆಂದು ಮನೆಯವರೆಲ್ಲ ಒಪ್ಪಿದ ಮೇಲೆ, ಅದೇ ಜಾಗದಲ್ಲಿ ಕಲ್ಲಿನಿಂದ ಏನಾದರೊಂದು ಅಲಂಕಾರ ಮಾಡಿಸಬೇಕೆಂದು ಯೋಚಿಸಿದ್ದೇವೆ.

ತೋಟದ ಕೆಲಸದ ಗುತ್ತಿಗೆದಾರರೊಬ್ಬರು ನಕ್ಷೆಯೊಂದನ್ನು ಕೊಟ್ಟಿದ್ದಾರೆ. ಅದರ ಪ್ರಕಾರ ಮಧ್ಯದಲ್ಲಿ ಕಲ್ಲುಗಳನ್ನು ಸಿಮೆಂಟಿನಲ್ಲಿ ಕೂಡಿಸಿ 4 ಅಡಿ ಎತ್ತರದ ಗುಡ್ಡ ಮಾಡಿ, ಅದರ ಮೇಲಿನಿಂದ ಪಂಪಿನ ನೀರು ಜಲಪಾತದಂತೆ ಇಳಿಯುತ್ತದೆ. ಸುತ್ತಲೂ ಪ್ಲಾಸ್ಟಿಕ್ ಹಾಳೆ ಹಾಸಿ ಬಿಳಿ ಬೆಣಚುಕಲ್ಲನ್ನು ಹರಡಲಾಗುತ್ತದೆ. ಜಾಗದ ಬಗ್ಗೆ ಹೇಳಬೇಕಾದದ್ದಿಷ್ಟು: ಮೇಲೆ ಕೆಂಪು ಮಣ್ಣು, ಒಂದೂವರೆ ಅಡಿ ಅಗೆದರೆ ಗರಸು. ಕಾಂಪೌಂಡಿನ ಕಡೆ ಎತ್ತರ, ಮನೆಯ ಕಡೆ ಸುಮಾರು ಒಂದೂವರೆ ಅಡಿ ತಗ್ಗು. ತಾರಸಿಯ ಮಳೆನೀರಿನ ಕೊಳವೆಯೂ ಅಲ್ಲಿಗೇ ಬಂದು ಬೀಳುತ್ತದೆ. ನಮ್ಮ ತಾಯಿಯವರು ಕಲ್ಲಿನ ರಾಶಿಯೆಂದರೆ ಹಾವು, ಚೇಳು ಸೇರುವ ಜಾಗವೆಂದು ಹೆದರುತ್ತಿದ್ದಾರೆ. ಈ ನಕ್ಷೆಯನ್ನು ಒಪ್ಪಬಹುದೇ, ಅಥವಾ ಬೇರೆ ದಾರಿಯಿದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಓವರ್‌ಸಿಯರ್, ಹಿರಿಯೂರು

ಗೃಹಸ್ಥರೇ, ನೀವು ಕಲ್ಲಿನ ಬಗ್ಗೆ ಕೇಳಿದ್ದೀರಿ. ನನ್ನ ಉತ್ತರ ನೀರಿನ ಬಗ್ಗೆ ಇರುತ್ತದೆ. ನಿಮ್ಮ ವಿವರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಗೆ ಬಂದಿದೆ: ಇಳಿಜಾರು ಮನೆಯ ಕಡೆಗಿದೆ, ತಾರಸಿಯ ನೀರೂ ಅಲ್ಲೇ ಬೀಳುತ್ತದೆ. ನಿಮ್ಮ ತಾರಸಿ 1,000 ಚದರ ಅಡಿ ಇದ್ದರೆ, 25 ಮಿಲಿಮೀಟರಿನ ಒಂದೇ ಮಳೆಗೆ 2,000 ಲೀಟರಿಗಿಂತ ಹೆಚ್ಚು ನೀರು ಆ ಕೊಳವೆಯಿಂದ ಇಳಿಯುತ್ತದೆ. ನಕ್ಷೆಯಲ್ಲಿರುವಂತೆ ಮಧ್ಯದಲ್ಲಿ ಸಿಮೆಂಟಿನ ಗುಡ್ಡ ಎಬ್ಬಿಸಿ ಸುತ್ತಲೂ ಪ್ಲಾಸ್ಟಿಕ್ ಹಾಸಿದರೆ ಈ ನೀರಿಗೆ ಇಂಗಲು ಜಾಗವಿಲ್ಲದಂತಾಗಿ, ಅದು ನೇರವಾಗಿ ಮನೆಯ ಪಾಯದ ಬುಡಕ್ಕೆ ಹೋಗಿ ನಿಲ್ಲುತ್ತದೆ. ಅಲಂಕಾರದ ಕಲ್ಲು ಎಷ್ಟೇ ಚೆನ್ನಾಗಿದ್ದರೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನ ಗೋಡೆಯಲ್ಲಿ ತೇವದ ಕಲೆ ಏಳುತ್ತದೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುವುದರಿಂದ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲವೆಂದು ಹಲವರು ಹೇಳುತ್ತಾರೆ. 1907ರಲ್ಲಿ ಕಟ್ಟಿ ಮುಗಿಸಿದ ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅಷ್ಟು ವರ್ಷ ನೀರು ಬರಲಿಲ್ಲವೆಂದು ಕೋಡಿಯನ್ನು ಯಾರೂ ಮುಚ್ಚಿರಲಿಲ್ಲ. ಬರದ ನಾಡಿನಲ್ಲಿ ಮಳೆ ಕಡಿಮೆ, ಆದರೆ ಬಂದಾಗ ಒಮ್ಮೆಲೇ ಬರುತ್ತದೆ. ಕಟ್ಟುವುದೇನಿದ್ದರೂ ಆ ಒಂದು ದಿನವನ್ನು ನೆನೆದು ಕಟ್ಟಬೇಕು.

ಕೋಟೆಯಲ್ಲಿ ಇದರ ಮಾದರಿ ನಿಮ್ಮ ಕಣ್ಣೆದುರಿಗೇ ಇದೆ. ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಮಿಕ್ಕ ನೀರು ಅಕ್ಕ-ತಂಗಿಯರ ಹೊಂಡಕ್ಕೂ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೂ ಇಳಿಯುವಂತೆ ಹಿರಿಯರು ಜೋಡಿಸಿದ್ದರು. ನಿಮ್ಮ 300 ಚದರ ಅಡಿಯಲ್ಲಿ ಅದನ್ನೇ ಸಣ್ಣದಾಗಿ ಮಾಡಿರಿ. ಕೊಳವೆಯ ಬಾಯಿಗೆ ಒಂದು ಕಲ್ಲಿನ ಬಾನಿ. ಅದು ತುಂಬಿ ಉಕ್ಕಿದ ನೀರಿಗೆ ಉರುಟುಕಲ್ಲು ಹರಡಿದ ಒಂದು ಅಡಿ ಅಗಲದ ಆಳವಿಲ್ಲದ ಕಾಲುವೆ. ಕಾಲುವೆಯ ಕೊನೆಗೆ, ಪಾಯದಿಂದ ಕನಿಷ್ಠ 10 ಅಡಿ ದೂರದಲ್ಲಿ, ಒಂದು ಇಂಗುಗುಂಡಿ. ಕಾಂಪೌಂಡಿನ ಕಡೆಯ ಎತ್ತರದ ಮಣ್ಣನ್ನು ಹಿಡಿದಿಡಲು ಒಂದೂವರೆಯಿಂದ 2 ಅಡಿ ಎತ್ತರದ ಕಲ್ಲುಕಟ್ಟೆಯನ್ನು ಗಾರೆಯಿಲ್ಲದೆ ಕಟ್ಟಿಸಿರಿ. ಮಳೆಯಿಲ್ಲದ ತಿಂಗಳುಗಳಲ್ಲಿ ಅದೇ ಕಾಲುವೆ ಒಣಗಿದ ಹಳ್ಳದಂತೆ ಕಾಣುತ್ತದೆ. ಅದಕ್ಕಿಂತ ಬೇರೆ ಅಲಂಕಾರ ಬೇಕೆಂದು ನನಗಂತೂ ಅನ್ನಿಸುವುದಿಲ್ಲ.

ಬೆಣ್ಣೆನಗರಿ ಕೈತೋಟ

ಹಿರಿಯರ ಮಾತನ್ನು ಒಪ್ಪುತ್ತಲೇ, ದಾವಣಗೆರೆಯ ಕಡೆಯ ಓದುಗರಿಗಾಗಿ ಒಂದು ವಿಷಯವನ್ನು ಸೇರಿಸುತ್ತೇನೆ. ನಮ್ಮ ಕಡೆ ಹಲವು ಬಡಾವಣೆಗಳು ಎರೆಭೂಮಿಯ ಮೇಲಿವೆ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ನಮ್ಮ ಮನೆಯಲ್ಲಿ ಗುತ್ತಿಗೆದಾರರೊಬ್ಬರು ಆರು ಇಂಚು ಕಾಂಕ್ರೀಟು ಸುರಿದು ಅದರ ಮೇಲೆ ಸಿಮೆಂಟಿನಲ್ಲಿ ಕಟ್ಟಿಕೊಟ್ಟ ಅಲಂಕಾರದ ಗೋಡೆ ಮೊದಲ ಬೇಸಿಗೆಯಲ್ಲೇ ಮೇಲಿನಿಂದ ಕೆಳಗಿನವರೆಗೆ ಸೀಳಿತು. ಅದೇ ಅಂಗಳದಲ್ಲಿ ನಮ್ಮ ಮಾವನವರು ಮೊದಲೇ ಹೊಂದಿಸಿಟ್ಟಿದ್ದ ಗಾರೆಯಿಲ್ಲದ ಕಟ್ಟೆ ಅಲ್ಲಲ್ಲಿ ಅರ್ಧ ಇಂಚು ಕುಸಿದು ಮತ್ತೆ ತಾನೇ ಕೂತಿದೆಯೇ ಹೊರತು ಬಿರಿದಿಲ್ಲ. ನೆಲ ಅಲುಗುವ ಕಡೆ ಅಲುಗಾಟವನ್ನು ತಾಳಿಕೊಳ್ಳುವ ಕಟ್ಟಡವೇ ಬಾಳುತ್ತದೆ.

ಎರೆ ನೆಲದಲ್ಲಿ ಕಲ್ಲಿನ ಕೆಲಸ ಮಾಡಿಸುವವರು ಕನಿಷ್ಠ 2 ಅಡಿ ಮಣ್ಣನ್ನು ತೆಗೆಸಿ, ಆ ಜಾಗಕ್ಕೆ ಗರಸನ್ನು ಆರಾರು ಇಂಚಿನ ಪದರಗಳಲ್ಲಿ ಹಾಕಿ, ಪ್ರತಿಯೊಂದು ಪದರಕ್ಕೂ ನೀರು ಚಿಮುಕಿಸಿ ದಿಮ್ಮಿಸಿ ಮಾಡಿಸಬೇಕು. ಗೃಹಸ್ಥರಿಗೆ ಕೆಳಗೆ ಗರಸೇ ಸಿಗುವುದರಿಂದ ಅವರಿಗೆ ಈ ಖರ್ಚು ಉಳಿಯಿತು.

ದುರ್ಗದ ಗೃಹಸ್ಥ

ಇಬ್ಬರಿಗೂ ಧನ್ಯವಾದಗಳು. ಗಾರೆಯಿಲ್ಲದೆ ಕಟ್ಟಿದ ಕಟ್ಟೆಯ ಮೇಲೆ ಮಕ್ಕಳು ಹತ್ತಿದರೆ ಕಲ್ಲು ಉರುಳುವುದಿಲ್ಲವೇ? ಈಗಿನ ಕೆಲಸಗಾರರಿಗೆ ಅಂಥ ಕಟ್ಟಡ ಕಟ್ಟುವ ಅಭ್ಯಾಸ ಉಳಿದಿದೆಯೇ? ನಾನು ಕೇಳಿದ ಇಬ್ಬರು ಮೇಸ್ತ್ರಿಗಳೂ ಸಿಮೆಂಟಿಲ್ಲದೆ ಖಾತರಿ ಕೊಡುವುದಿಲ್ಲವೆಂದರು.

ಕಲ್ಲುಕೆಲಸದ ಮನೆತನದವನು

ಗೃಹಸ್ಥರಿಗೆ ನಮಸ್ಕಾರ. ನಮ್ಮದು ಮೂರು ತಲೆಮಾರಿನಿಂದ ಕಲ್ಲು ಒಡೆಯುವ ಭೋವಿ ಕುಟುಂಬ. ನಾನು ಈಗ ಬೇರೆ ಉದ್ಯೋಗದಲ್ಲಿದ್ದರೂ ಸಣ್ಣವನಿದ್ದಾಗ ತಂದೆಯವರ ಜೊತೆ ಕೆಲಸ ಮಾಡಿದ್ದೇನೆ. ಇಟ್ಟಿಗೆಯ ಕೆಲಸದ ಮೇಸ್ತ್ರಿಯನ್ನು ಕೇಳಿದರೆ ಅವರು ಸಿಮೆಂಟನ್ನೇ ಹೇಳುತ್ತಾರೆ. ಅದು ಅವರ ತಪ್ಪಲ್ಲ. ಹೊಲದ ಬದುವಿಗೆ, ಬಾವಿಯ ಒಳಸುತ್ತಿಗೆ ಕಲ್ಲು ಕಟ್ಟಿದವರನ್ನು ಹುಡುಕಬೇಕು. ಹಳ್ಳಿಗಳಲ್ಲಿ ಅಂಥವರು ಈಗಲೂ ಇದ್ದಾರೆ.

ಗಾರೆಯಿಲ್ಲದ ಕಟ್ಟೆಯ ಬಲವೆಲ್ಲ ಹೊಂದಿಕೆಯಲ್ಲಿದೆ. ಒಂದು ಕಲ್ಲು ಕೆಳಗಿನ ಎರಡು ಕಲ್ಲುಗಳ ಮೇಲೆ ಕೂರಬೇಕು. ಎರಡು ಸಾಲಿನ ಸಂದು ಒಂದರ ಮೇಲೊಂದು ನೇರವಾಗಿ ಬರಬಾರದು. ಕಲ್ಲಿನ ಉದ್ದನೆಯ ಭಾಗ ಗೋಡೆಯ ಒಳಕ್ಕೆ ಹೋಗಬೇಕೇ ಹೊರತು, ನೋಡುವವರಿಗೆ ದೊಡ್ಡದಾಗಿ ಕಾಣಲೆಂದು ಮುಖದುದ್ದಕ್ಕೆ ಅಡ್ಡ ಮಲಗಿಸಬಾರದು. ಹಣಕ್ಕಾಗಿ ಅವಸರ ಮಾಡುವವರು ಮೊದಲು ಮಾಡುವ ಮೋಸವೇ ಇದು. ಮೂರು ನಾಲ್ಕು ಅಡಿಗೊಮ್ಮೆ ಮುಂದಿನಿಂದ ಹಿಂದಿನವರೆಗೆ ಪೂರ್ತಿ ದಾಟುವ ಒಂದು ಉದ್ದಗಲ್ಲನ್ನು ಕೂರಿಸಬೇಕು. ಗೋಡೆ ನೆಟ್ಟಗೆ ನಿಲ್ಲದೆ ಹಿಂದಿನ ಮಣ್ಣಿನ ಕಡೆಗೆ ವಾಲಬೇಕು. ಆರೇಳು ಇಂಚು ಎತ್ತರಕ್ಕೆ ಒಂದು ಇಂಚು ವಾಲಿದರೆ ಸರಿ. 2 ಅಡಿ ಎತ್ತರದ ಕಟ್ಟೆಗೆ ಬುಡದಲ್ಲಿ ಒಂದೂವರೆ ಅಡಿ ದಪ್ಪವಿರಲಿ, ಮೊದಲ ಸಾಲು ನೆಲದೊಳಗೆ ಹೂತಿರಲಿ. ಹಿಂಬದಿಗೆ ಮಣ್ಣನ್ನು ನೇರವಾಗಿ ತಾಗಿಸದೆ ಅರ್ಧ ಅಡಿಯಷ್ಟು ಜಲ್ಲಿ ತುಂಬಿಸಿದರೆ ನೀರು ಸಂದುಗಳಿಂದ ಬಸಿದು ಹೋಗುತ್ತದೆ. ಒಳಗಿನ ಟೊಳ್ಳಿಗೆ ಚಕ್ಕೆಯನ್ನು ಕೈಯಿಂದ ಒಂದೊಂದಾಗಿ ಬಿಗಿಯಬೇಕು, ಬಾಂಡಲಿಯಿಂದ ಸುರಿಯಬಾರದು. ಕಟ್ಟಿ ಮುಗಿದ ಮೇಲೆ ಅದರ ಮೇಲೆ ನಡೆದಾಡಿ ನೋಡಿರಿ. ಯಾವ ಕಲ್ಲು ಕಾಲಿನಡಿ ಕಟ್ ಎನ್ನುತ್ತದೆಯೋ ಅದನ್ನು ಎಬ್ಬಿಸಿ ಮತ್ತೆ ಕೂರಿಸಬೇಕು. ಹಾಗೆ ಕೂತ ಕಟ್ಟೆಯ ಮೇಲೆ ಮಕ್ಕಳಲ್ಲ, ಎಮ್ಮೆ ಹತ್ತಿದರೂ ಏನಾಗುವುದಿಲ್ಲ. ಎತ್ತರ ಮೂರು ಅಡಿ ದಾಟುವುದಾದರೆ ಮಾತ್ರ ಎಂಜಿನಿಯರರನ್ನು ಕೇಳಿಯೇ ಮುಂದುವರಿಯಬೇಕು.

ಇನ್ನು ಬಿಡಿ ಗುಂಡುಕಲ್ಲುಗಳ ವಿಷಯ. ಕಲ್ಲನ್ನು ಆರಿಸುವಾಗ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೇಳಬೇಕು. ಗಟ್ಟಿ ಕಲ್ಲು ಕಂಚಿನ ತಾಟಿನಂತೆ ನಾದ ಕೊಡುತ್ತದೆ. ಒಳಗೆ ಬಿರುಕಿದ್ದರೆ ಅಥವಾ ಕಲ್ಲು ಕೊಳೆತಿದ್ದರೆ ಸದ್ದು ಅಲ್ಲೇ ಸಾಯುತ್ತದೆ. ತೂಕವನ್ನು ಮೊದಲೇ ಅಂದಾಜು ಮಾಡಿರಿ. ನಮ್ಮ ಕಡೆಯ ಕಗ್ಗಲ್ಲು ಒಂದು ಘನ ಅಡಿಗೆ ಸುಮಾರು 75 ಕಿಲೋ ತೂಗುತ್ತದೆ. ಎರಡೂವರೆ ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ದಪ್ಪದ ದುಂಡನೆಯ ಕಲ್ಲು, ಮೂಲೆಗಳು ಸವೆದಿವೆಯೆಂದು ಮೂರನೆಯ ಒಂದು ಪಾಲು ಕಳೆದರೂ, 375 ಕಿಲೋ ಆಗುತ್ತದೆ. ಹಗ್ಗ ಕಟ್ಟಿ ನಾಲ್ಕು ಜನ ಎತ್ತುತ್ತೇವೆಂದು ಯಾರಾದರೂ ಹೇಳಿದರೆ ಬೇಡವೆನ್ನಿರಿ. ಲಾರಿಯಿಂದ ಇಳಿಸುವಾಗಲೇ ಕ್ರೇನಿನಿಂದ ಅದರದರ ಜಾಗಕ್ಕೆ ಇಳಿಸುವುದು ಮೇಲು. ಗೇಟು ಕಿರಿದಾಗಿದ್ದರೆ ಮೂರು ಕಂಬ ಕಟ್ಟಿ ಚೈನಿನ ರಾಟೆಯಿಂದ ಎತ್ತಿಸಬಹುದು. ನೆಲದ ಮೇಲೆ ಸ್ವಲ್ಪ ದೂರ ಸರಿಸುವುದಾದರೆ ಎರಡು ಹಾರೆಗಳು ಸಾಕು: ಒಬ್ಬರು ಹಾರೆಯಿಂದ ಒಂದು ಮಗ್ಗುಲನ್ನು ಎಬ್ಬಿಸಿದಾಗ ಇನ್ನೊಬ್ಬರು ಅಡಿಗೆ ಚಕ್ಕೆ ಕೊಡುತ್ತಾರೆ, ಆಮೇಲೆ ಮತ್ತೊಂದು ಮಗ್ಗುಲು. ಚಕ್ಕೆಯನ್ನು ಕೋಲಿನ ತುದಿಯಿಂದ ತಳ್ಳಬೇಕೇ ಹೊರತು ಬೆರಳುಗಳನ್ನು ಕಲ್ಲಿನಡಿಗೆ ಹಾಕಬಾರದು. ನಮ್ಮ ಕಡೆಯ ಹಿರಿಯ ಕೆಲಸಗಾರರಲ್ಲಿ ಹಲವರಿಗೆ ಒಂದು ಬೆರಳಿನ ತುದಿ ಇರುವುದಿಲ್ಲ.

ಭೂವಿಜ್ಞಾನದ ಉಪನ್ಯಾಸಕಿ

ಚರ್ಚೆ ಉಪಯುಕ್ತವಾಗಿ ಸಾಗುತ್ತಿದೆ. ಕಲ್ಲಿನ ಆಯ್ಕೆ ಮತ್ತು ಜೋಡಣೆಯ ಬಗ್ಗೆ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಚಿತ್ರದುರ್ಗದ ಬೆಟ್ಟಗಳಲ್ಲಿ ಕಾಣುವ ದುಂಡನೆಯ ಬಂಡೆಗಳು ಉರುಳಿ ಬಂದು ಗುಂಡಾದವುಗಳಲ್ಲ. ಬಂಡೆಯಲ್ಲಿ ಮೊದಲೇ ಇರುವ ಸೀಳುಗಳಲ್ಲಿ ನೀರು ಇಳಿದು, ಮೂಲೆಗಳು ಮುಖಗಳಿಗಿಂತ ಬೇಗ ಸವೆದು, ನಡುವಿನ ಗಟ್ಟಿ ತಿರುಳು ಇದ್ದಲ್ಲೇ ಉಳಿಯುತ್ತದೆ. ಆದ್ದರಿಂದಲೇ ಅವು ನೆಲದಿಂದ ಎದ್ದು ಬಂದಂತೆ ಕಾಣುತ್ತವೆ. ತೋಟದಲ್ಲಿಯೂ ಕಲ್ಲು ಹಾಗೆ ಕಾಣಬೇಕಾದರೆ ಅದರ ಮೂರನೆಯ ಒಂದು ಭಾಗವಾದರೂ ಮಣ್ಣಿನೊಳಗಿರಬೇಕು, ಮತ್ತು ಅದರ ಅತ್ಯಂತ ಅಗಲವಾದ ಭಾಗ ನೆಲದ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಬರಬೇಕು. ಕಲ್ಲಿನಲ್ಲಿ ಬಿಳಿ-ಕಪ್ಪು ಪಟ್ಟೆಗಳಿದ್ದರೆ ಎಲ್ಲ ಕಲ್ಲುಗಳ ಪಟ್ಟೆಯೂ ಒಂದೇ ದಿಕ್ಕಿಗೆ ಇರುವಂತೆ ಇಡಿರಿ. ಆಗ ಅವು ಒಂದೇ ಬಂಡೆಯ ತುಂಡುಗಳೆಂಬ ಭಾವನೆ ಬರುತ್ತದೆ. ಹತ್ತು ಬಗೆಯ ಕಲ್ಲುಗಳನ್ನು ಬೆರೆಸಿದರೆ ಅಂಗಳವು ಕಲ್ಲಿನಂಗಡಿಯ ಮಾದರಿಗಳ ಕಪಾಟಾಗುತ್ತದೆ.

ಜಪಾನಿನ ಕ್ಯೋಟೋ ನಗರದ ರ್‍ಯೋಆಂಜಿ ದೇಗುಲದ ಅಂಗಳದಲ್ಲಿ ಇರುವುದು ಕೇವಲ 15 ಕಲ್ಲುಗಳು. ಜಗಲಿಯ ಮೇಲೆ ಎಲ್ಲಿ ಕುಳಿತು ನೋಡಿದರೂ ಒಂದಾದರೂ ಕಲ್ಲು ಮರೆಯಲ್ಲಿ ಉಳಿಯುವಂತೆ ಅವುಗಳನ್ನು ಇಟ್ಟಿದ್ದಾರೆ. ನಮಗೆ ಅದರ ನಕಲು ಬೇಕಿಲ್ಲ. ಆದರೆ ಕಡಿಮೆ ಕಲ್ಲು, ಹೆಚ್ಚು ಖಾಲಿ ಜಾಗ ಎಂಬ ಅವರ ಲೆಕ್ಕಾಚಾರ ನಮ್ಮ ಸಣ್ಣ ಅಂಗಳಗಳಿಗೆ ಹೇಳಿ ಮಾಡಿಸಿದಂತಿದೆ. 300 ಚದರ ಅಡಿಗೆ ದೊಡ್ಡವು ಮೂರು, ಮಧ್ಯಮ ಗಾತ್ರದವು ಎರಡು ಇದ್ದರೆ ಸಾಕು.

ಕಲ್ಲು ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳಬೇಕು. ಮರಡಿಹಳ್ಳಿಯ ಬಳಿ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿ ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿದ ಶಿಲೆಗಳಿವೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಆ ಜಾಗವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಚೆಂದವಾಗಿವೆಯೆಂದು ಅಲ್ಲಿಂದ ಒಂದು ಚೂರನ್ನೂ ತರಬಾರದು. ಜೋಗಿಮಟ್ಟಿಯ ಅರಣ್ಯದಿಂದಲೂ ಹರಿಹರದ ಬಳಿಯ ತುಂಗಭದ್ರೆಯ ಪಾತ್ರದಿಂದಲೂ ಕಲ್ಲು ಎತ್ತುವಂತಿಲ್ಲ. ಪರವಾನಗಿಯಿರುವ ಕ್ವಾರಿಯಿಂದ, ಸಾಗಣೆಯ ಪರ್ಮಿಟ್ಟಿನೊಂದಿಗೆ ತರಿಸಿರಿ. ಅಥವಾ ಹೊಲ ಹಸನು ಮಾಡುವಾಗ ಎದ್ದ ಕಲ್ಲುಗಳನ್ನು ರೈತರಿಂದ ಪಡೆಯುವುದಾದರೆ ಸಾಗಣೆಗೆ ಏನು ಬೇಕೆಂಬುದನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಕೇಳಿಕೊಳ್ಳಿರಿ.

ಹೊರಗಿನ ನೋಟವೇ ಮುಖ್ಯ

ಎಲ್ಲರೂ ಜಲಪಾತವನ್ನು ಒಂದೇ ಏಟಿಗೆ ತಳ್ಳಿಹಾಕುತ್ತಿರುವುದು ನನಗೆ ಸರಿಕಾಣುತ್ತಿಲ್ಲ. ಮನೆಯ ಮುಂದೆ ನೀರಿನ ಸದ್ದು ಇರಬೇಕೆಂಬ ಆಸೆ ತಪ್ಪೇ? ಪಂಪು ಅದೇ ನೀರನ್ನು ತಿರುಗಿಸುವುದರಿಂದ ನೀರೇನೂ ವ್ಯರ್ಥವಾಗುವುದಿಲ್ಲ. ಕಲ್ಲು ಸಹಜವಾಗಿಯೇ ಕಾಣಬೇಕೆಂಬ ನಿಯಮವೂ ಇಲ್ಲ. ಚಂಡೀಗಢದಲ್ಲಿ ನೇಕ್ ಚಂದ್ ಅವರು 1957ರಲ್ಲಿ ಯಾರಿಗೂ ಹೇಳದೆ ಒಡೆದ ಪಿಂಗಾಣಿ, ಬಳೆಚೂರು, ಗುಜರಿ ಸಾಮಾನುಗಳಿಂದ ಕಟ್ಟಲು ತೊಡಗಿದ್ದು 1976ರಲ್ಲಿ ಸಾರ್ವಜನಿಕರಿಗೆ ತೆರೆದ ರಾಕ್ ಗಾರ್ಡನ್ ಆಯಿತು; ಅಲ್ಲಿ ಜಲಪಾತಗಳೂ ಇವೆ.

ನಿವೃತ್ತ ಓವರ್‌ಸಿಯರ್, ಹಿರಿಯೂರು

ಆಸೆ ತಪ್ಪಲ್ಲ, ಲೆಕ್ಕ ನೋಡೋಣ. ಅಂಚಿನಿಂದ ನೀರು ತೆರೆಯಂತೆ ಇಳಿಯಬೇಕಾದರೆ, ಅಂಚಿನ ಒಂದು ಸೆಂಟಿಮೀಟರ್ ಅಗಲಕ್ಕೆ ಗಂಟೆಗೆ ಸುಮಾರು 150 ಲೀಟರ್ ನೀರು ಹರಿಯಬೇಕೆಂಬುದು ರೂಢಿಯ ಅಂದಾಜು. 30 ಸೆಂಟಿಮೀಟರ್ ಅಗಲದ ಜಲಪಾತಕ್ಕೆ ಗಂಟೆಗೆ 4,500 ಲೀಟರ್ ಆಯಿತು; ಅದನ್ನೂ 4 ಅಡಿ ಎತ್ತರಕ್ಕೆ ಏರಿಸಬೇಕು. ಗಂಟೆಗೆ 1,000 ಲೀಟರಿನ ಸಣ್ಣ ಪಂಪು ಹಾಕಿದರೆ ಆರೇಳು ಸೆಂಟಿಮೀಟರಿನ ಧಾರೆ ಮಾತ್ರ ಬರುತ್ತದೆ. ಪಂಪಿನ ಡಬ್ಬಿಯ ಮೇಲೆ ಬರೆದಿರುವುದು ಎತ್ತರವಿಲ್ಲದಾಗಿನ ಪ್ರಮಾಣವಾದ್ದರಿಂದ, ಮೇಲೆ ಮುಟ್ಟುವುದು ಅದಕ್ಕಿಂತಲೂ ಕಡಿಮೆ.

ನೀರು ವ್ಯರ್ಥವಾಗುವುದಿಲ್ಲವೆಂಬುದೂ ಪೂರ್ತಿ ನಿಜವಲ್ಲ. ಬಿರುಬೇಸಿಗೆಯಲ್ಲಿ ನಿಂತ ನೀರೇ ದಿನಕ್ಕೆ ಒಂದು ಸೆಂಟಿಮೀಟರಿನಷ್ಟು ಆವಿಯಾಗುತ್ತದೆ. ಬಿಸಿ ಕಲ್ಲಿನ ಮೇಲೆ ತೆಳುವಾಗಿ ಹರಿದು ಸಿಡಿಯುವ ನೀರು ಇನ್ನೂ ಬೇಗ ಹಾರುತ್ತದೆ. ಆವಿಯಾದ ನೀರಿನ ಜಾಗಕ್ಕೆ ನೀವು ತುಂಬುವುದು ಬೋರ್‌ವೆಲ್ ನೀರು. ನಮ್ಮ ಕಡೆಯ ಗಡುಸು ನೀರು ಕಲ್ಲಿನ ಮೇಲೆ ಬಿಳಿಯ ಉಪ್ಪಿನ ಪದರವನ್ನು ಬಿಟ್ಟು ಹೋಗುವುದರಿಂದ, ಒಂದು ವರ್ಷದೊಳಗೆ ಜಲಪಾತದ ದಾರಿಯೆಲ್ಲ ಸುಣ್ಣ ಬಳಿದಂತಾಗುತ್ತದೆ.

ಸದ್ದು ಬೇಕಿದ್ದರೆ ಹಳೆಯ ಒರಳುಕಲ್ಲೊಂದರ ತಳಕ್ಕೆ ತೂತು ಕೊರೆಸಿ, ನೆಲದೊಳಗೆ ಹೂತ ತೊಟ್ಟಿಯಿಂದ ನೀರು ಅದರ ಬಾಯಿಯವರೆಗೆ ಬಂದು ಅಂಚಿನಿಂದ ಇಳಿದು ಉರುಟುಕಲ್ಲುಗಳ ನಡುವೆ ಮಾಯವಾಗುವಂತೆ ಮಾಡಿರಿ. ಇದಕ್ಕೆ 20 ವಾಟಿನ ಪಂಪು ಸಾಕು. ಸಂಜೆ ನಾಲ್ಕು ಗಂಟೆ ಓಡಿಸಿದರೂ ತಿಂಗಳಿಗೆ ಎರಡೂವರೆ ಯೂನಿಟ್ಟಿನೊಳಗೆ ಮುಗಿಯುತ್ತದೆ. ತೆರೆದ ನೀರು ಹೆಚ್ಚಿಲ್ಲದ ಕಾರಣ ಆವಿಯಾಗುವುದೂ ಕಡಿಮೆ, ಸಣ್ಣ ಮಕ್ಕಳಿಗೆ ಅಪಾಯವೂ ಕಡಿಮೆ. ಆದರೆ ಆ ವೈರಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಇಲ್ಲದೆ ಸಂಪರ್ಕ ಕೊಡಿಸಬೇಡಿರಿ. ನೀರು, ಕಬ್ಬಿಣದ ಹಾರೆ, ಬರಿಗಾಲು ಒಟ್ಟಿಗೆ ಸೇರುವ ಜಾಗವದು.

ಚಳ್ಳಕೆರೆಯ ಅಜ್ಜಿ

ಗೃಹಸ್ಥರ ತಾಯಿಯವರ ಭಯವನ್ನು ಇಷ್ಟೊಂದು ಜನರಲ್ಲಿ ಯಾರೂ ಮುಟ್ಟಲಿಲ್ಲವಲ್ಲ ಎಂದು ನೋಡುತ್ತಿದ್ದೆ. ಅವರು ಹೇಳುವುದು ಸರಿಯಾಗಿಯೇ ಇದೆಯಪ್ಪ. ಸಡಿಲ ಕಲ್ಲಿನ ಸಂದು ಇಲಿಗೆ ಮನೆ, ಇಲಿಯ ಹಿಂದೆ ನಾಗರಹಾವು, ತಂಪಿಗೆ ಚೇಳು ಬರುತ್ತವೆ. ಹಾಗೆಂದು ಕಲ್ಲೇ ಬೇಡವೆನ್ನಬೇಕಾಗಿಲ್ಲ. ಕಟ್ಟೆಯ ಸಂದಿಗೆ ಎರಡು ಬೆರಳು ಹೋಗದಂತೆ ಚಕ್ಕೆ ಬಿಗಿಸಿರಿ. ಬಾಗಿಲಿಗೂ ಕಟ್ಟೆಗೂ ನಡುವೆ ಆರೆಂಟು ಅಡಿ ಬಯಲು ಬಿಡಿರಿ. ಮಕ್ಕಳು ಚೆಂಡಿಗಾಗಿ ಕೈ ಹಾಕುವ ಕಡೆ ಬುಡದಲ್ಲಿ ಗಿಡ ಪೊದೆಯಾಗಲು ಬಿಡಬೇಡಿರಿ. ಅಕ್ಕಿ ನುಚ್ಚನ್ನು ಹಕ್ಕಿಗೆಂದು ಅಲ್ಲೇ ಚೆಲ್ಲುವ ಅಭ್ಯಾಸವಿದ್ದರೆ ಅದನ್ನು ತಾರಸಿಗೆ ಬದಲಿಸಿರಿ, ಏಕೆಂದರೆ ನುಚ್ಚಿಗೆ ಹಕ್ಕಿಗಿಂತ ಮೊದಲು ಇಲಿ ಬರುತ್ತದೆ. ರಾತ್ರಿ ಬೆಳಕು ಬೀಳುವಂತೆ ಒಂದು ದೀಪವಿರಲಿ. ಹಾವು ಕಂಡರೆ ಹೊಡೆಯಲು ಹೋಗದೆ ಹಾವು ಹಿಡಿಯುವವರನ್ನು ಕರೆಸಿರಿ. ಕಚ್ಚಿದರೆ ಮಂತ್ರ, ನಾರುಬೇರು ಎಂದು ಹೊತ್ತು ಕಳೆಯದೆ ಜಿಲ್ಲಾಸ್ಪತ್ರೆಗೆ ಓಡಿರಿ.

ನೀರಿನ ಬಾನಿಯ ಮಾತು ಬಂತು. ವಾರಕ್ಕೊಮ್ಮೆ ಅದನ್ನು ಪೂರ್ತಿ ಬರಿದು ಮಾಡಿ ತಿಕ್ಕಿ ತೊಳೆಯಲೇಬೇಕು. ಡೆಂಗಿ ತರುವ ಸೊಳ್ಳೆಗೆ ತಿಳಿನೀರೇ ಬೇಕು, ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ತೊಳೆಯುವುದು ಆಗದವರು ಬಾನಿಯನ್ನೇ ಇಡಬಾರದು.

ದುರ್ಗದ ಗೃಹಸ್ಥ

ಅಜ್ಜಿಯವರಿಗೆ ನಮಸ್ಕಾರಗಳು, ನಿಮ್ಮ ಬರಹವನ್ನು ತಾಯಿಯವರಿಗೆ ಓದಿ ಹೇಳಿದೆ, ಅವರು ಅರ್ಧ ಒಪ್ಪಿದ್ದಾರೆ. ಗುತ್ತಿಗೆದಾರರ ನಕ್ಷೆಯನ್ನು ಬದಿಗಿಟ್ಟು, ಓವರ್‌ಸಿಯರ್ ಅವರು ಹೇಳಿದ ಕ್ರಮದಲ್ಲಿ ಕಾಂಪೌಂಡಿನ ಉದ್ದಕ್ಕೂ ಗಾರೆಯಿಲ್ಲದ ಕಟ್ಟೆ, ಐದು ಗುಂಡುಕಲ್ಲು, ಒರಳಿನ ಬುಗ್ಗೆ, ಒಣಕಾಲುವೆ ಮತ್ತು ಇಂಗುಗುಂಡಿ ಎಂದು ತೀರ್ಮಾನಿಸಿದ್ದೇವೆ. ಇನ್ನು ಮೂರು ಪ್ರಶ್ನೆಗಳಿವೆ. ಬಿಳಿ ಬೆಣಚುಕಲ್ಲು ಹಾಕಬಹುದೇ? ಕಲ್ಲುಗಳ ನಡುವೆ ಯಾವ ಗಿಡ? ಮತ್ತು ನನ್ನ ಭಾವಮೈದುನರು ತಮ್ಮ ಊರಿನ ಹೊಲದ ಬದುವಿನಲ್ಲಿ ಒರಗಿ ನಿಂತಿರುವ ವೀರಗಲ್ಲೊಂದನ್ನು ತಂದುಕೊಡುವುದಾಗಿ ಹೇಳುತ್ತಿದ್ದಾರೆ. ಅದನ್ನು ಕಟ್ಟೆಯ ನಡುವೆ ನಿಲ್ಲಿಸಿದರೆ ಚೆನ್ನಾಗಿರುತ್ತದೆಯೇ?

ಭೂವಿಜ್ಞಾನದ ಉಪನ್ಯಾಸಕಿ

ಮೂರನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಅದನ್ನು ಇದ್ದಲ್ಲಿಂದ ಕದಲಿಸಬೇಡಿರಿ. ನೂರು ವರ್ಷಕ್ಕಿಂತ ಹಳೆಯ ಶಿಲ್ಪ ಮತ್ತು ಶಾಸನಗಳು 1972ರ ಕೇಂದ್ರ ಕಾಯ್ದೆಯ ಪ್ರಕಾರ ಪುರಾತನ ವಸ್ತುಗಳೆನಿಸುತ್ತವೆ. ಕಾನೂನಿನ ಮಾತು ಹಾಗಿರಲಿ, ವೀರಗಲ್ಲು ಯಾವ ಊರಿನ ಯಾವ ಗಡಿಯಲ್ಲಿ ನಿಂತಿದೆ ಎಂಬುದೇ ಅದು ಹೇಳುವ ಚರಿತ್ರೆಯ ಅರ್ಧ ಭಾಗ. ನಿಮ್ಮ ಅಂಗಳಕ್ಕೆ ಬಂದೊಡನೆ ಅದು ಬರಿಯ ಕೆತ್ತನೆಯಾಗುತ್ತದೆ. ಭಾವಮೈದುನರು ಅದರ ಚಿತ್ರ ತೆಗೆದು ಪುರಾತತ್ವ ಇಲಾಖೆಯ ಗಮನಕ್ಕೆ ತಂದರೆ ಒಳ್ಳೆಯ ಕೆಲಸ ಮಾಡಿದಂತೆ. ಅಜ್ಜಿಯ ಮನೆಯ ಬೀಸುವ ಕಲ್ಲು, ರುಬ್ಬುಗುಂಡು, ದನಗಳಿಗೆ ನೀರು ತುಂಬಿಸುತ್ತಿದ್ದ ಕಲ್ಲುಬಾನಿ ಇವುಗಳನ್ನು ಧಾರಾಳವಾಗಿ ಬಳಸಿರಿ.

ಕೋಟೆಯ ಸಮೀಪ ವಾಸಿಸುವ ಓದುಗರಿಗೆ ಒಂದು ಮಾತು: ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಆ ವ್ಯಾಪ್ತಿಯೊಳಗೆ ಅಗೆದು ಕಟ್ಟುವ ಮುನ್ನ ಪುರಾತತ್ವ ಸರ್ವೇಕ್ಷಣದ ಕಚೇರಿಯಲ್ಲಿ ಕೇಳಿ ತಿಳಿಯುವುದು ಕ್ಷೇಮ.

ಬೆಣಚುಕಲ್ಲಿನ ಬಗ್ಗೆ ಹೇಳುವುದಾದರೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅಪ್ಪಟ ಬಿಳಿ ಕಲ್ಲು ಕಣ್ಣು ಕುಕ್ಕುತ್ತದೆ, ಮೊದಲ ಮಳೆಗೆ ಕೆಂಪು ಮಣ್ಣು ಚಿಮ್ಮಿ ಕಲೆಯಾಗುತ್ತದೆ. ಹಾಕಿದವರು ಆಸಿಡ್ ಹಚ್ಚಿ ತೊಳೆಯುತ್ತಾರೆ. ಆ ಆಸಿಡ್ ಪಕ್ಕದ ಕಗ್ಗಲ್ಲಿನಲ್ಲಿರುವ ಕಬ್ಬಿಣದ ಅಂಶವನ್ನು ಎಬ್ಬಿಸಿ ತುಕ್ಕಿನ ಬಣ್ಣದ ಕಲೆ ಮಾಡುತ್ತದೆ. ಕಂದು ಅಥವಾ ಬೂದು ಬಣ್ಣದ ಉರುಟುಕಲ್ಲನ್ನೇ ಆರಿಸಿರಿ. ಅಡಿಗೆ ಪ್ಲಾಸ್ಟಿಕ್ ಬೇಡ, ನೀರು ಇಳಿಯಬಲ್ಲ ಬಟ್ಟೆಯಂಥ ಹಾಸು ಸಿಗುತ್ತದೆ. ಗುಂಡುಕಲ್ಲಿನ ಮೇಲೆ ಈಗಾಗಲೇ ಬೂದು, ಹಳದಿ ಮಚ್ಚೆಗಳಂತೆ ಬೆಳೆದಿರುವ ಕಲ್ಲುಹೂವನ್ನು ಬ್ರಷ್ಷಿನಿಂದ ಉಜ್ಜಿ ತೆಗೆಸಬೇಡಿರಿ. ಅದು ಮತ್ತೆ ಅಷ್ಟು ಬೆಳೆಯಲು ವರ್ಷಗಳೇ ಹಿಡಿಯುತ್ತವೆ.

ಬೆಣ್ಣೆನಗರಿ ಕೈತೋಟ

ಗಿಡಗಳ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ. ಕಲ್ಲು ಹಗಲೆಲ್ಲ ಬಿಸಿಯನ್ನು ಕುಡಿದು ರಾತ್ರಿ ಬಿಡುವುದರಿಂದ, ದಾಸವಾಳ, ಗುಲಾಬಿಗಳು ಕಲ್ಲಿಗೆ ಅಂಟಿದಂತೆ ಇದ್ದರೆ ಬೇಸಿಗೆಯಲ್ಲಿ ಸೊರಗುತ್ತವೆ. ಲೋಳೆಸರ, ಮಂಗರವಳ್ಳಿ, ದೊಡ್ಡಪತ್ರೆ, ನಿತ್ಯಪುಷ್ಪ, ಟೇಬಲ್ ರೋಸ್ ಇವು ಕಟ್ಟೆಯ ಮೇಲಂಚಿಗೆ ಸರಿಹೋಗುತ್ತವೆ. ಕಾಲುವೆಯ ಕೊನೆಗೆ, ಇಂಗುಗುಂಡಿಯ ಬಳಿ, ಎರಡು ಬುಡ ಲಾವಂಚ ನೆಟ್ಟರೆ ಅದರ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕಣಗಿಲೆ ಬರಕ್ಕೆ ಜಗ್ಗದ ಗಿಡವೆಂಬುದೇನೋ ನಿಜ. ಆದರೆ ಅದರ ಎಲ್ಲ ಭಾಗವೂ ವಿಷವಾದ್ದರಿಂದ ಸಣ್ಣ ಮಕ್ಕಳಿರುವ ಮನೆಗೆ ನಾನು ಹೇಳಲಾರೆ. ದೊಡ್ಡ ಕಲ್ಲುಗಳನ್ನು ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಒರಗಿಸಿ ಇಡಬೇಡಿರಿ, ರಾತ್ರಿ ಸೆಖೆ ಹೆಚ್ಚುತ್ತದೆ.

ಕಲ್ಲುಕೆಲಸದ ಮನೆತನದವನು

ಒರಳಿಗೆ ತೂತು ಹಾಕಿಸುವ ಬಗ್ಗೆ ಹೇಳಿ ಮುಗಿಸುತ್ತೇನೆ. ಚಾಣ ಮತ್ತು ಸುತ್ತಿಗೆಯಿಂದ ತಳಕ್ಕೆ ಹೊಡೆಸಿದರೆ, ನೂರು ವರ್ಷ ಅರೆದು ತಳ ತೆಳುವಾಗಿರುವ ಒರಳು ಎರಡು ಹೋಳಾಗುವ ಸಂಭವವುಂಟು. ಗ್ರಾನೈಟ್ ಅಂಗಡಿಯವರ ಬಳಿ ಇರುವ ವಜ್ರದ ಹಲ್ಲಿನ ಕೊಳವೆ ಡ್ರಿಲ್ಲಿನಿಂದ, ನೀರು ಬಿಡುತ್ತಾ, ಹೊರಗಿನ ತಳದಿಂದ ಒಳಕ್ಕೆ ಕೊರೆಸಬೇಕು. ಕೊನೆಯ ಅರ್ಧ ಇಂಚಿಗೆ ಒತ್ತಡ ಕಡಿಮೆ ಮಾಡುವಂತೆ ಹೇಳಿರಿ, ಇಲ್ಲವಾದರೆ ಒಳಮುಖದಲ್ಲಿ ಚಕ್ಕೆ ಏಳುತ್ತದೆ. ಪೈಪಿನ ಹೊರ ಅಳತೆಗಿಂತ ತುಸು ದೊಡ್ಡ ತೂತು ಸಾಕು. ಸುತ್ತಲಿನ ಸಂದಿಗೆ ಸಿಮೆಂಟಿನ ಬದಲು ರಬ್ಬರ್ ವಾಷರ್ ಹಾಕಿದರೆ ಮುಂದೆ ಪೈಪು ಬಿಚ್ಚಲು ಬರುತ್ತದೆ.

ಒರಳನ್ನು ಕೂರಿಸುವಾಗ ಅದರ ಬಾಯಿಗೆ ನೀರಿನ ಮಟ್ಟ ಹಿಡಿದು ನೋಡಿ, ಕಾಲುವೆಯ ಕಡೆಯ ಅಂಚನ್ನು ಒಂದು ನೂಲಿನಷ್ಟು ತಗ್ಗಿಸಿರಿ. ಪೂರ್ತಿ ಸಮವಾಗಿಟ್ಟರೆ ನೀರು ತನಗೆ ಬೇಕಾದ ಕಡೆಯಿಂದ ಇಳಿಯುತ್ತದೆ, ಸಾಮಾನ್ಯವಾಗಿ ಅದು ಮನೆಯ ಕಡೆಯೇ ಆಗಿರುತ್ತದೆ. ಹೂತ ತೊಟ್ಟಿಯ ಮುಚ್ಚಳಕ್ಕೆ ಕಬ್ಬಿಣದ ಜಾಲರಿಯ ಬದಲು ಎರಡು ತುಂಡಿನ ಚಪ್ಪಡಿ ಹಾಕಿಸಿದರೆ, ಒಂದು ತುಂಡನ್ನು ಎತ್ತಿ ಪಂಪನ್ನು ತೊಳೆಯಬಹುದು. ಒಬ್ಬರೇ ಎತ್ತುವಷ್ಟು ತೂಕ, ಅಂದರೆ 20 ಕಿಲೋ ಮೀರದಂತೆ, ಆ ತುಂಡನ್ನು ಕೊಯ್ಯಿಸಿಕೊಳ್ಳಿರಿ.